ಗ್ರಿಝೆಲ್, ಅವಿವಾಹಿತೆ

ಕಿನ್‌ಡಾರ್ನ್, ಪರ್ತ್‌ಷೈರ್
27 ಅಕ್ಟೋಬರ್ 1854

ಪ್ರೀತಿಯ ನಿನಿಯನ್,

ನೀನು ಬದುಕಿದ್ದೀಯ ಎಂದು ತಿಳಿದು ಒಂದು ವಾರವಾಯಿತು. ಹ್ಯೂ ಬದುಕಿಲ್ಲ ಎಂದು ತಿಳಿದದ್ದು ನಿನ್ನೆ.

ಅಪ್ಪನಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಕಣ್ಣು ಹೋದಮೇಲೆ ಅವರಿಗೆ ಬೆಳಗಿನ ಗಂಜಿಗಿಂತ ಪತ್ರಿಕೆಯೇ ಹೆಚ್ಚು. ಆಲ್ಮಾ ನದಿಯ ಯುದ್ಧದಲ್ಲಿ ಸತ್ತ ಸಿಪಾಯಿಗಳ ಹೆಸರುಗಳು ಬಂದಿದ್ದವು. "ನಮ್ಮ ರೆಜಿಮೆಂಟಿನವರದ್ದು ಒಂದೂ ಬಿಡದೆ ಓದು," ಎಂದರು. ಓದಿದೆ. ಸಾರ್ಜೆಂಟ್ ಹ್ಯೂ ರೆನ್ನಿ ಎಂದೂ ಓದಿದೆ. "ನಮ್ಮ ಕುರಿ ಕಾಯೋ ರೆನ್ನಿ ಮಗ ಅಲ್ವಾ? ಪಾಪ, ಒಳ್ಳೆ ಎತ್ತರದ ಆಳು," ಎಂದರು ಅಪ್ಪ. "ಹೌದಪ್ಪಾ," ಎಂದು ಮುಂದಿನ ಹೆಸರಿಗೆ ಹೋದೆ. ಗಂಡ ಸತ್ತ ಸುದ್ದಿಯನ್ನು ಹೀಗೆ ಗಟ್ಟಿಯಾಗಿ ಓದಿ ಇನ್ನೊಬ್ಬರಿಗೆ ಹೇಳಿದವಳು ನಾನೊಬ್ಬಳೇ ಇರಬೇಕು.

ಗಂಡ ಎಂಬ ಮಾತನ್ನು ನಿನಗೊಬ್ಬನಿಗೆ ಬರೆಯಬಲ್ಲೆ. ಜನವರಿಯ ಹಿಮದಲ್ಲಿ ಕುರಿದೊಡ್ಡಿಯ ಗೋಡೆಯ ಮರೆಗೆ ನಾವು ನಿಂತಾಗ ಜೊತೆಗಿದ್ದವರು ನೀನು, ಎಲ್‌ಸ್ಪೆತ್ ದಾದಿ, ಇಬ್ಬರೇ. "ಇವಳು ನನ್ನ ಹೆಂಡತಿ," ಎಂದ ಅವನು. "ಇವನು ನನ್ನ ಗಂಡ," ಎಂದೆ ನಾನು. ಪಾದ್ರಿ ಇಲ್ಲದೆ ಇದೆಂಥ ಮದುವೆ ಎಂದು ನಾನು ಅಳುಕಿದಾಗ ನೀನೇ ನಕ್ಕೆ: "ನಮ್ಮ ಸ್ಕಾಟ್ಲೆಂಡಿನ ಕಾನೂನಿಗೆ ಪಾದ್ರಿ ಬೇಡ ಅಕ್ಕಾ. ಹೇಳೋಕೆ ಎರಡು ನಾಲಿಗೆ, ಕೇಳೋಕೆ ನಾಲ್ಕು ಕಿವಿ. ಮುಗೀತು."

ಮಗು ಹುಟ್ಟಿದೆ. ಹೆಣ್ಣು. ಮೇರಿಯನ್ ಎಂದು ಕರೆಯುತ್ತೇವೆ. ಮೇಲಿನ ಕಣಿವೆಯಲ್ಲಿ ಎಲ್‌ಸ್ಪೆತ್‌ಳ ಗುಡಿಸಲಿನಲ್ಲಿ ಹೆತ್ತೆ. ಅಪ್ಪನಿಗೆ ಕಣ್ಣಿಲ್ಲ, ಕೆಲಸದವರು ಕಣ್ಣಿದ್ದೂ ಕಾಣದವರಂತೆ ಇದ್ದಾರೆ. ಹ್ಯೂನ ಕೊನೆ ಹೇಗಾಯಿತು? ನೀನು ಹತ್ತಿರದಲ್ಲಿದ್ದೆಯಾ? ನನ್ನ ಮೇಲಿನ ಕನಿಕರಕ್ಕೆ ಏನನ್ನೂ ಮುಚ್ಚಿಡಬೇಡ.

ನಿನ್ನ ಅಕ್ಕ,
ಗ್ರಿಝೆಲ್

*

ಸ್ಕುಟಾರಿ
3 ಡಿಸೆಂಬರ್ 1854

ಪ್ರೀತಿಯ ಅಕ್ಕಾ,

ತೊಡೆಯ ಗಾಯ ಇನ್ನೂ ಮಾಗಿಲ್ಲ, ಇಲ್ಲಿನ ಸೇನಾ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನದಿ ದಾಟಿ ದಿಬ್ಬ ಹತ್ತುವಾಗ ನನಗೆ ಗುಂಡು ತಗುಲಿ ಬಿದ್ದೆ. ನಮ್ಮವರು ಮುಂದೆ ಹೋಗಿಬಿಟ್ಟರು. ಹ್ಯೂ ಒಬ್ಬನೇ ಹಿಂತಿರುಗಿ ಬಂದ. "ಚಿಕ್ಕ ಧಣಿಗಳೇ, ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ನನ್ನನ್ನು ಬೆನ್ನಿಗೆ ಹಾಕಿಕೊಂಡ. ದ್ರಾಕ್ಷಿತೋಟದ ಕಲ್ಲುಗೋಡೆಯ ಹಿಂದೆ ಇಳಿಸಿ, ನೀರು ಕುಡಿಸಿ, ಇನ್ನೊಬ್ಬ ಹುಡುಗ ಅಲ್ಲೇ ನರಳುತ್ತಿದ್ದಾನೆ, ತರುತ್ತೇನೆ ಎಂದು ಹೋದ. ಬರಲಿಲ್ಲ. ಗುಂಡು ಎದೆಗೆ ಬಿದ್ದಿತ್ತು, ನೋವು ತಿಳಿದಿರಲಾರದು. ನಾನು ಇವತ್ತು ಈ ಕಾಗದ ಬರೆಯುತ್ತಿದ್ದರೆ ಅದು ಅವನು ಕೊಟ್ಟ ಉಸಿರು.

ನೀನು ಬರೆದ ಇನ್ನೊಂದು ವಿಷಯ ನನ್ನ ಎದೆಯಲ್ಲಿ ಭದ್ರವಾಗಿದೆ. ಕಾಗದದ ಮೇಲೆ ಬೇಡ, ಅಂಚೆಚೀಲ ಎಷ್ಟು ಕೈ ದಾಟಿ ಬರುತ್ತದೋ. ಅಪ್ಪ ಇರುವವರೆಗೂ ಸುಮ್ಮನಿರು. ಆಮೇಲೆ ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ. ನಿನ್ನ ತಮ್ಮ ಇದ್ದಾನೆ ಎಂದು ಧೈರ್ಯವಾಗಿರು.

ನಿನ್ನ
ನಿನಿಯನ್

*

ಕಿನ್‌ಡಾರ್ನ್
9 ಫೆಬ್ರುವರಿ 1856

ಪ್ರೀತಿಯ ನಿನಿಯನ್,

ಎಲ್‌ಸ್ಪೆತ್ ದಾದಿ ಹೋದಳು. ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಕೈಯನ್ನು ಕೊನೆಗೆ ನಾನೊಬ್ಬಳೇ ಹಿಡಿದು ಕೂತಿದ್ದೆ. "ಪಾದ್ರೀನ ಕರಿ ಕೂಸೇ, ನಾ ಕೇಳಿದ್ದನ್ನ ಹೇಳಿ ಹೋಗ್ತೀನಿ," ಎಂದು ಎರಡು ಸಲ ಹೇಳಿದಳು. ನಾನೇ ತಡೆದೆ, ಅಪ್ಪ ಇರುವವರೆಗೂ ಸುಮ್ಮನಿರು ಎಂದಿದ್ದೆಯಲ್ಲ. ನಾಲ್ಕು ಕಿವಿಗಳಲ್ಲಿ ಈಗ ಎರಡೇ ಉಳಿದವು. ಅವು ನಿನ್ನವು.

ಮೇರಿಯನ್ ಈಗ ಗಿರಣಿಯ ಟಾಷ್‌ನ ಮನೆಯಲ್ಲಿದ್ದಾಳೆ. ಅವನ ಹೆಂಡತಿ ಜೀನ್ ತನ್ನ ಮಕ್ಕಳ ಜೊತೆಗೆ ಇವಳನ್ನೂ ಸಾಕುತ್ತಿದ್ದಾಳೆ. ಓಟ್ಸ್ ರೊಟ್ಟಿ ಕೈಗೆ ಕೊಟ್ಟರೆ ಮೊದಲು ನಾಯಿಗೆ ತಿನ್ನಿಸಿ ಆಮೇಲೆ ತಾನು ತಿನ್ನುತ್ತಾಳೆ. ಇನ್ನೂ ಜ್ಞಾನಸ್ನಾನವಾಗಿಲ್ಲ. ಪಾದ್ರಿ ಗಿಲ್‌ಫಿಲನ್ ದಾರಿಯಲ್ಲಿ ಸಿಕ್ಕಾಗಲೆಲ್ಲ ಮಗುವನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆಯುತ್ತಾರೆ. ನೀನು ಅವರಿಗೆ ಗುಟ್ಟಾಗಿ ಎರಡು ಸಾಲು ಬರೆದರೆ ಆಗದೇ?

ಅಪ್ಪನಿಗೆ ಹೊಸ ಹುಚ್ಚು ಹಿಡಿದಿದೆ. ಕಿನ್‌ಡಾರ್ನ್‌ನ ಲೆಂಡ್ರಮ್‌ಗಳ ವಂಶಾವಳಿ ಅಚ್ಚಾಗಬೇಕಂತೆ. ಅವರು ಹೇಳುವುದು, ನಾನು ಬರೆಯುವುದು. ಯಾರು ಯಾವ ರಾಜನಿಗೆ ದುಡಿದ, ಯಾವ ಯುದ್ಧದಲ್ಲಿ ಕೈ ಕಳೆದುಕೊಂಡ, ಯಾರ ಮಗಳನ್ನು ತಂದ. ನಿನ್ನೆ 1745ರ ದಂಗೆಗೆ ಬಂದೆವು. ಮುತ್ತಾತ ಹಿರಿಮಗನನ್ನು ಅರಸನ ಸೈನ್ಯಕ್ಕೂ ಕಿರಿಮಗ ಜೇಮ್ಸ್‌ನನ್ನು ದಂಗೆಯ ರಾಜಕುಮಾರನ ಕಡೆಗೂ ಕಳಿಸಿದರಲ್ಲ. "ಯಾರು ಗೆದ್ರೂ ಮನೆ ನಮ್ದಾಗೇ ಉಳೀಬೇಕು, ಅದಕ್ಕೆ," ಎಂದರು ಅಪ್ಪ. ಸೋತ ಜೇಮ್ಸ್ ಗಾಯಗೊಂಡು ಈ ಮನೆ ಬಾಗಿಲಿಗೇ ಬಂದನಂತೆ. ಅಣ್ಣ ಕಿಟಕಿಯಿಂದ ನೋಡಿ, ಬೆನ್ನಟ್ಟಿ ಬಂದ ಸಿಪಾಯಿಗಳಿಗೆ "ಇವನ್ಯಾರೋ ನನಗೆ ಗೊತ್ತಿಲ್ಲ," ಎಂದನಂತೆ.

"ಪುಸ್ತಕದಲ್ಲಿ ಏನಂತ ಬರೀಲಿ?" ಎಂದೆ.

"ಜೇಮ್ಸ್, ಚಿಕ್ಕಂದಿನಲ್ಲೇ ತೀರಿಕೊಂಡ. ತೀರಿಕೊಂಡಿದ್ದು ಹೌದು, ಚಿಕ್ಕ ವಯಸ್ಸೂ ಹೌದು. ಸುಳ್ಳೆಲ್ಲಿದೆ?"

ಇಬ್ಬರೂ ನಕ್ಕೆವು. ನೀನಿರಬೇಕಿತ್ತು.

ನಿನ್ನ ಅಕ್ಕ,
ಗ್ರಿಝೆಲ್

*

ಮಾಲ್ಟಾ
30 ಮಾರ್ಚ್ 1856

ಪ್ರೀತಿಯ ಅಕ್ಕಾ,

ಎಲ್‌ಸ್ಪೆತ್‌ಳ ಸುದ್ದಿ ಕೇಳಿ ಬೇಸರವಾಯಿತು. ಒಳ್ಳೆಯ ಮುದುಕಿ.

ನಿನಗೊಂದು ಸಂತೋಷದ ಸುದ್ದಿ. ಇಲ್ಲಿ ಸರ್ ರೇನಾಲ್ಡ್ ಎಂಬವರ ಕುಟುಂಬ ಚಳಿಗಾಲ ಕಳೆಯಲು ಬಂದಿದೆ. ಅವರ ಮಗಳು ಆಗಸ್ಟಾ. ಹೆಚ್ಚು ಬರೆಯುವುದಿಲ್ಲ, ನೀನು ಅವಳನ್ನು ಕಂಡರೆ ಸಾಕು. ಸರ್ ರೇನಾಲ್ಡ್ ಹಳೇ ಕಾಲದವರು, ಹುಡುಗನಿಗಿಂತ ಮೊದಲು ಅವನ ಅಜ್ಜಂದಿರನ್ನು ನೋಡುವವರು. ಅಪ್ಪನ ಪುಸ್ತಕದ ವಿಷಯ ಹೇಳಿದ್ದೇ ತಡ, ಓದಬೇಕು ಎಂದು ಕೂತಿದ್ದಾರೆ. ಆದಷ್ಟು ಬೇಗ ಮುಗಿಸಿ ಎಡಿನ್‌ಬರೋ ಮುದ್ರಕರಿಗೆ ಕಳಿಸು. ಕರಡನ್ನು ನಾನೇ ತಿದ್ದುತ್ತೇನೆ, ನಿನಗೆ ಆ ತೊಂದರೆ ಬೇಡ. ಚರ್ಚಿನ ಅಂಗಳದ ಸಮಾಧಿಗಳ ಮೇಲಿನ ಬರಹವನ್ನೂ ನಕಲು ಮಾಡು, ಪಾಚಿ ಕಟ್ಟಿದ್ದರೆ ಕೆರೆಸು.

ನಿನ್ನ ವಿಷಯಕ್ಕೆ ಸ್ವಲ್ಪ ತಾಳ್ಮೆ ಇರಲಿ. ನನ್ನ ಮದುವೆ ಒಂದು ನಡೆದುಹೋಗಲಿ. ಪಾದ್ರಿಗೆ ನೀನಾಗಿ ಏನೂ ಹೇಳಬೇಡ.

ನಿನ್ನ
ನಿನಿಯನ್

*

ಕಿನ್‌ಡಾರ್ನ್
2 ಜೂನ್ 1856

ಪ್ರೀತಿಯ ನಿನಿಯನ್,

ಅಪ್ಪ ಹೋದರು ಎಂಬ ತಂತಿ ನಿನಗೆ ಮುಟ್ಟಿರುತ್ತದೆ. ನಿನ್ನೆ ಮಣ್ಣು ಮಾಡಿದೆವು. ಗೇಣಿದಾರರು ಸರದಿಯ ಮೇಲೆ ಹೆಗಲು ಕೊಟ್ಟರು. ವಿಸ್ಕಿ ಕುಡಿದರು, ಅತ್ತರು, ಅಪ್ಪ ಬೈದ ಬೈಗುಳಗಳನ್ನು ಒಬ್ಬರಿಗೊಬ್ಬರು ಹೇಳಿ ನಕ್ಕರು. ಇನ್ನು ಮೇಲೆ ಕಿನ್‌ಡಾರ್ನ್ ಎಂದರೆ ನೀನೇ. ಊರವರು ಆಗಲೇ "ಕಿನ್‌ಡಾರ್ನ್ ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದಾರೆ, ಅಪ್ಪನನ್ನು ಕೇಳುತ್ತಿದ್ದ ಹಾಗೆಯೇ.

ಒಂದು ಮಾತು ಹೇಳಬೇಕು. ಕೊನೆಯ ವಾರ ನನಗೆ ತಡೆಯಲಾಗಲಿಲ್ಲ. ಜೀನ್ ಟಾಷ್‌ಳ ಮನೆಯಿಂದ ಮೇರಿಯನ್‌ಳನ್ನು ಕರೆತಂದು ಅಪ್ಪನ ಮಂಚದ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಮನೆ ಬಿಟ್ಟು ಹೋಗು ಎನ್ನುತ್ತಾರೆ ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದೆ. ಅವರು ಮಗುವಿನ ಮುಖವನ್ನು ನಿಧಾನವಾಗಿ ಬೆರಳಿನಿಂದ ತಡವಿದರು. "ನಮ್ಮ ಮೂಗು. ಪಾಪ," ಎಂದರು.

ಆಮೇಲೆ ಕೇಳಿದರು: "ಸಾಕ್ಷಿಗೆ ಯಾರಿದ್ರು?"

"ಎಲ್‌ಸ್ಪೆತ್."

"ಅವಳು ಹೋದಳು. ಇನ್ಯಾರು?"

"ನಿನಿಯನ್."

"ಹಾಗಾದ್ರೆ ಬೇಗ ಇನ್ನೊಬ್ಬ ಸಾಕ್ಷೀನ ಹುಡುಕ್ಕೋ," ಎಂದು ನಕ್ಕರು. ನಗು ಕೆಮ್ಮಾಗಿ ಉಸಿರು ಕಟ್ಟಿತು. ಸಾಯುವಾಗಲೂ ನಿನ್ನನ್ನು ಛೇಡಿಸುವುದು ಬಿಡಲಿಲ್ಲ ನೋಡು. ಆ ಸಂಜೆಯೇ ವಂಶಾವಳಿಯಲ್ಲಿ ನನ್ನ ಸಾಲನ್ನು ಅವರೇ ಬಾಯಾರೆ ಹೇಳಿ ಬರೆಸಿದರು: 'ಗ್ರಿಝೆಲ್, ಸಾರ್ಜೆಂಟ್ ಹ್ಯೂ ರೆನ್ನಿಯ ಪತ್ನಿ; ಮಗಳು ಮೇರಿಯನ್.' ಪುಸ್ತಕ ಮುಗಿಯಿತು. ಮುದ್ರಕರಿಗೆ ಕಳಿಸಿದ್ದೇನೆ.

ಅಪ್ಪನ ಅಂಜಿಕೆ ಇನ್ನಿಲ್ಲವಾದ್ದರಿಂದ ನಾನೇ ಪಾದ್ರಿಯ ಬಳಿ ಹೋಗಿ ವಿಷಯ ತಿಳಿಸಿದೆ. ನಿನ್ನ ಮಾತು ಮೀರಿದೆ ಎಂದು ಸಿಟ್ಟಾಗಬೇಡ. ಅವರು ನಿನಗೆ ಬರೆದು ಕೇಳುತ್ತಾರೆ.

ನಿನ್ನ ಅಕ್ಕ,
ಗ್ರಿಝೆಲ್

*

ಲಂಡನ್
18 ಆಗಸ್ಟ್ 1856

ಪ್ರೀತಿಯ ಅಕ್ಕಾ,

ಊರಿಗೆ ಬರಲು ಇನ್ನೂ ಬಿಡುವಾಗಿಲ್ಲ, ಕ್ಷಮಿಸು. ಸೆಪ್ಟೆಂಬರ್ ಕೊನೆಗೆ ಮದುವೆ, ಇಲ್ಲೇ ಲಂಡನ್ನಿನಲ್ಲಿ. ಅಷ್ಟು ದೂರದ ಪ್ರಯಾಣದ ಆಯಾಸ ನಿನಗೆ ಬೇಡ. ಆಗಸ್ಟಾಳನ್ನು ನಾನೇ ಕರೆದುಕೊಂಡು ಬರುತ್ತೇನೆ, ಕಿನ್‌ಡಾರ್ನ್‌ನಲ್ಲೇ ಅವಳನ್ನು ನೋಡುವೆಯಂತೆ. ಅಪ್ಪನ ಸೇವೆಯಲ್ಲಿ ನೀನು ಎಷ್ಟು ಸವೆದಿದ್ದೀಯ ಎಂದು ಅವಳಿಗೆ ದಿನವೂ ಹೇಳುತ್ತಿರುತ್ತೇನೆ. ನೀನಿಲ್ಲದಿದ್ದರೆ ಆ ಮನೆ ನಿಲ್ಲುತ್ತಿರಲಿಲ್ಲ.

ಪುಸ್ತಕದ ಕರಡು ನೋಡಿದೆ. ಚೆನ್ನಾಗಿ ಮಾಡಿದ್ದೀಯ. ಅಲ್ಲಲ್ಲಿ ಒಂದೆರಡು ಮಾತು ತಿದ್ದಿದ್ದೇನೆ ಅಷ್ಟೇ.

ಪಾದ್ರಿ ಗಿಲ್‌ಫಿಲನ್ ಬರೆದಿದ್ದರು. ಉತ್ತರ ಕೊಟ್ಟಿದ್ದೇನೆ. ಎಲ್ಲರಿಗೂ ಯಾವುದು ಒಳ್ಳೆಯದೋ ಅದನ್ನೇ ಮಾಡಿದ್ದೇನೆ, ನಂಬು. ಆ ಮಗುವಿಗೆ ಒಂದು ಮೇಣದ ಗೊಂಬೆ ಕಳಿಸುತ್ತಿದ್ದೇನೆ.

ನಿನ್ನ
ನಿನಿಯನ್

*

ಕಿನ್‌ಡಾರ್ನ್
1 ಸೆಪ್ಟೆಂಬರ್ 1856

ಪ್ರೀತಿಯ ತಮ್ಮಾ,

ಕಾಗದ ಓದಿ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ನೀನು ಉತ್ತರ ಕೊಟ್ಟೆ! ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿರಿಯರ ಸಭೆಯ ಮುಂದೆ ಬರಬೇಕೆಂದು ಪಾದ್ರಿ ಹೇಳಿಕಳಿಸಿದ್ದಾರೆ. ಮೇರಿಯನ್‌ಗೆ ಬಿಳಿ ಅಂಗಿ ಹೊಲಿದಿದ್ದೇನೆ. ಜೀನ್ ಟಾಷ್ ಅಂತೂ ಗಂಡನ ಭಾನುವಾರದ ಕೋಟಿಗೆ ಈಗಲೇ ಇಸ್ತ್ರಿ ಹಾಕುತ್ತಿದ್ದಾಳೆ, ಅವನೂ ಹಿರಿಯರಲ್ಲಿ ಒಬ್ಬನಲ್ಲವೇ. "ಇನ್ಮೇಲೆ ನಿಮ್ಮನ್ನ ಮಿಸೆಸ್ ರೆನ್ನಿ ಅಂತ ಕರೀಬಹುದಾ?" ಎಂದು ಕೇಳಿದಳು. ಕರೆ ಎಂದೆ. ಗಿರಣಿಯ ಸದ್ದಿಗೂ ಮೀರಿ ಕೇಳುವಂತೆ ನಾಲ್ಕು ಸಲ ಕರೆದಳು.

ನಿನ್ನ ಮೇಲೆ ಒಂದೊಂದು ಸಲ ಅನುಮಾನ ಬಂದದ್ದುಂಟು. ಇಷ್ಟು ತಡವೇಕೆ, ಬಾಯಿ ಬಿಟ್ಟು ಏಕೆ ಬರೆಯುವುದಿಲ್ಲ ಎಂದು. ಅದಕ್ಕಾಗಿ ಈಗ ನಾಚಿಕೆಯಾಗುತ್ತಿದೆ. ಆಗಸ್ಟಾಳನ್ನು ಬೇಗ ಕರೆದು ತಾ. ಮಲಗುವ ಕೋಣೆಗೆ ಹೊಸ ಪರದೆ ಹಾಕಿಸಿದ್ದೇನೆ.

ನಿನ್ನ ಅಕ್ಕ,
ಗ್ರಿಝೆಲ್ ರೆನ್ನಿ

*

ಗಿರಣಿ ಮನೆ
9 ಸೆಪ್ಟೆಂಬರ್ 1856

ಕಿನ್‌ಡಾರ್ನ್ ಅವರಿಗೆ,

ಊರೆಲ್ಲ ನಿಮ್ಮನ್ನು ಹೀಗೆಯೇ ಕರೆಯುತ್ತದೆ, ನಾನೂ ಹೀಗೆಯೇ ಕರೆಯುತ್ತೇನೆ.

ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. "ಕೂತ್ಕೊಳ್ಳಿ, ಮಿಸ್ ಲೆಂಡ್ರಮ್," ಎಂದರು ಪಾದ್ರಿ. "ಮಿಸೆಸ್ ರೆನ್ನಿ," ಎಂದೆ, ನಗುತ್ತಾ. ಯಾರೂ ನಗಲಿಲ್ಲ. ನಿಮ್ಮ ಉತ್ತರವನ್ನು ಬಿಡಿಸಿ ಓದಿದರು. ಬಾಯಿಪಾಠವಾಗಿಹೋಗಿದೆ: 'ಅಂಥ ಯಾವ ಮಾತೂ ನನ್ನೆದುರು ನಡೆದದ್ದಿಲ್ಲ. ಅಕ್ಕ ತಂದೆಯ ಸೇವೆಯಲ್ಲಿ ವರ್ಷಗಟ್ಟಲೆ ದಣಿದಿದ್ದಾಳೆ. ದುಃಖದಲ್ಲಿ ಅವಳ ಮನಸ್ಸು ಇಲ್ಲದ್ದನ್ನು ಕಟ್ಟಿಕೊಂಡಿರಬಹುದು. ಆಕೆಯ ಮೇಲೆ ಕರುಣೆಯಿರಲಿ.'

ಟಾಷ್ ಎದ್ದು ನಿಂತ. "ಈ ಮಗು ಯಾರದು ಅಂತ ಕಣಿವೇಲಿರೋ ಕುರಿಗೂ ಗೊತ್ತು ಸ್ವಾಮಿ. ಇವರು ಸುಳ್ಳು ಹೇಳೋರಲ್ಲ."

"ಗೊತ್ತಿರೋದು ಬೇರೆ, ಸಾಕ್ಷಿ ಬೇರೆ, ಟಾಷ್."

"ಸಾಕ್ಷಿ ಸುಳ್ಳಾಡಿದ್ರೆ?"

"ಕಿನ್‌ಡಾರ್ನ್ ಸುಳ್ಳಾಡಿದ್ರು ಅಂತೀಯಾ? ಅವರ ನೆಲದ ಮೇಲೆ ಗಿರಣಿ ಇಟ್ಕೊಂಡು?"

ಟಾಷ್ ಕೂತುಬಿಟ್ಟ. ಅವನಿಗೆ ಐದು ಮಕ್ಕಳು. ನನಗೆ ಅವನ ಮೇಲೆ ಸಿಟ್ಟಿಲ್ಲ.

ಹುಚ್ಚಿ, ಇಲ್ಲವೇ ಹಾದರಗಿತ್ತಿ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ನನ್ನನ್ನು ಅಲ್ಲಿ ನಿಲ್ಲಿಸಿ ಹೋದಿರಿ. ಹುಚ್ಚಿ ಎಂದು ಒಪ್ಪಿದ್ದರೆ ಮಗುವನ್ನು ಕಿತ್ತುಕೊಳ್ಳುತ್ತಿದ್ದರು. ಹಾಗಾಗಿ ಇನ್ನೊಂದನ್ನು ಹೊತ್ತುಕೊಂಡೆ. ಬೇರೆ ಹೆಂಗಸಾಗಿದ್ದರೆ ಮೂರು ಭಾನುವಾರ ಸಭೆಯ ಮುಂದೆ ತಲೆತಗ್ಗಿಸಿ ನಿಲ್ಲಬೇಕಿತ್ತಂತೆ. ನಿಮ್ಮ ಮನೆತನದ ಮರ್ಯಾದೆಗಾಗಿ ಬಾಗಿಲು ಮುಚ್ಚಿ ಬೈದರು. ಮೇರಿಯನ್‌ಗೆ ಜ್ಞಾನಸ್ನಾನವಾಯಿತು. ತಂದೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟರು.

ಪಾದ್ರಿಗೆ ನೀವು ಬರೆದ ಕಾಗದದ ಮೇಲೆ ಆಗಸ್ಟ್ ಹದಿನಾರು ಎಂದಿತ್ತು. ನನಗೆ ಗೊಂಬೆಯ ವಿಷಯ ಬರೆದದ್ದು ಹದಿನೆಂಟಕ್ಕೆ. ನನ್ನ ಮಗಳನ್ನು ತಂದೆಯಿಲ್ಲದವಳನ್ನಾಗಿ ಮಾಡಿ, ಒಂದು ದಿನ ಬಿಟ್ಟು, ಅಂಗಡಿಗೆ ಹೋಗಿ ಗೊಂಬೆ ಆರಿಸಿದಿರಿ.

ಪುಸ್ತಕವೂ ಬಂತು. 'ಗ್ರಿಝೆಲ್, ಅವಿವಾಹಿತೆ.' ಅಪ್ಪ ಬರೆಸಿದ್ದನ್ನು ನೀವು ಹೊಡೆದು ಹಾಕುತ್ತೀರಿ ಎಂಬುದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಆದರೆ ಕೊನೆಯ ಪುಟದಲ್ಲಿ ಇದಕ್ಕೆ ನಾನು ಸಿದ್ಧಳಿರಲಿಲ್ಲ: 'ನಿನಿಯನ್ ಲೆಂಡ್ರಮ್, ಆಲ್ಮಾ ಯುದ್ಧದಲ್ಲಿ ತಾನೇ ಗಾಯಗೊಂಡಿದ್ದರೂ, ಗುಂಡಿನ ಮಳೆಯಲ್ಲಿ ಒಬ್ಬ ಸಾರ್ಜೆಂಟನನ್ನು ಬೆನ್ನ ಮೇಲೆ ಹೊತ್ತು ತಂದ.'

ಹೆಂಡತಿಯಿಂದ ಅವನ ಹೆಸರು ಕಿತ್ತುಕೊಂಡಿರಿ, ಮಗಳಿಂದ ಕಿತ್ತುಕೊಂಡಿರಿ. ಸತ್ತವನ ಹತ್ತಿರ ಇನ್ನು ಉಳಿದಿದ್ದು ಅವನು ಮಾಡಿದ ಆ ಒಂದು ಕೆಲಸ. ಅದನ್ನೂ ಬಿಡಲಿಲ್ಲ.

ನೀವು ಸ್ಕುಟಾರಿಯಿಂದ ಬರೆದ ಕಾಗದ ನನ್ನ ಬಳಿ ಇದೆ. ಮತ್ತೆ ಓದಿದೆ. ಇಡೀ ಕಾಗದದಲ್ಲಿ 'ಮದುವೆ' ಎಂಬ ಮಾತನ್ನು ನೀವು ಒಂದು ಸಲವೂ ಬರೆದಿಲ್ಲ, ಎರಡು ವರ್ಷ ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಹೆದರಬೇಡಿ, ಆ ಕಾಗದವನ್ನು ನಿಮ್ಮ ಮಾವನಿಗೆ ತೋರಿಸುವುದಿಲ್ಲ. ಹ್ಯೂ ಏನು ಮಾಡಿದ ಎಂದು ತಿಳಿಯಬೇಕಾದವಳು ಮೇರಿಯನ್. ಅವಳಿಗೆ ಓದಿ ಹೇಳುತ್ತೇನೆ.

ಕಿನ್‌ಡಾರ್ನ್‌ನ ಬೀಗದ ಕೈಗಳನ್ನು ಅಡುಗೆಯವಳಿಗೆ ಕೊಟ್ಟಿದ್ದೇನೆ. ಗೊಂಬೆ ಅಲ್ಲೇ ಇದೆ.

ಗ್ರಿಝೆಲ್ ರೆನ್ನಿ

*

ಲಂಡನ್
20 ಸೆಪ್ಟೆಂಬರ್ 1856

ಅಕ್ಕಾ,

ನೀನು ಕೋಪದಲ್ಲಿದ್ದೀಯ. ತಣ್ಣಗೆ ಯೋಚಿಸು. ಸರ್ ರೇನಾಲ್ಡ್‌ರ ಮನೆಯಲ್ಲಿ ಕುರಿ ಕಾಯುವವನ ಮಗ ನನ್ನ ಬಾವ ಎಂದು ಹೇಗೆ ಹೇಳಲಿ? ಮಗುವಿನ ವಿಷಯ ಯಾರಿಗೂ ತಿಳಿಯದೆ ನಡೆದುಕೊಂಡು ಹೋಗುತ್ತಿತ್ತು. ಪಾದ್ರಿಯ ಬಳಿ ಹೋಗಬೇಡ ಎಂದು ಹೇಳಿರಲಿಲ್ಲವೇ? ನೀನಾಗಿ ಹೋದೆ. ನನ್ನನ್ನು ಮೂಲೆಗೆ ತಳ್ಳಿದವಳು ನೀನು.

ಆಲ್ಮಾ ವಿಷಯ ನಾನು ಬೇಕೆಂದು ಮಾಡಿದ್ದಲ್ಲ. ಒಂದು ದಿನ ಊಟದ ಮೇಜಿನಲ್ಲಿ, "ಗುಂಡು ಬಿದ್ದಮೇಲೆ ಒಬ್ಬ ಸಾರ್ಜೆಂಟ್, ಬೆನ್ನ ಮೇಲೆ..." ಎಂದು ಶುರು ಮಾಡಿದೆ. ಸರ್ ರೇನಾಲ್ಡ್ ಅರ್ಧ ಕೇಳಿಸಿಕೊಂಡು, "ಹೊತ್ತು ತಂದೆಯಾ? ಭಲೆ!" ಎಂದು ನನ್ನ ಭುಜ ತಟ್ಟಿದರು. ಆಗಸ್ಟಾಳ ಕಣ್ಣಲ್ಲಿ ನೀರು. ಆ ಹೊತ್ತಿನಲ್ಲಿ ತಿದ್ದಲು ಆಗಲಿಲ್ಲ. ಆಮೇಲೆ ತಿದ್ದುವ ಹೊತ್ತೇ ಬರಲಿಲ್ಲ. ಅವನು ಸತ್ತಿದ್ದಾನೆ ಅಕ್ಕಾ, ಅವನಿಗೆ ಅದು ಬೇಕಿಲ್ಲ. ನಾನು ಬದುಕಬೇಕಾದವನು.

ಕಿನ್‌ಡಾರ್ನ್ ಎಂದಿಗೂ ನಿನ್ನ ಮನೆ. ಆ ಮಗುವನ್ನೂ, ಯಾರದೋ ಅನಾಥೆ ಎಂದು ಹೇಳಿ, ಕರೆದುಕೊಂಡು ಬಾ.

ನಿನಿಯನ್

*

ಕಿನ್‌ಡಾರ್ನ್
11 ಮೇ 1874

ಅಕ್ಕಾ,

ಹದಿನೆಂಟು ವರ್ಷಗಳಲ್ಲಿ ನಾನು ಬರೆದದ್ದೆಲ್ಲ ಒಡೆಯದೆ ಹಿಂತಿರುಗಿ ಬಂದಿದೆ. ಇದನ್ನಾದರೂ ಒಡೆಯಲಿ ಎಂದು ಮೇಲೆ ಮೇರಿಯನ್‌ಳ ಹೆಸರು ಬರೆದು ಕಳಿಸುತ್ತಿದ್ದೇನೆ.

ನೀನು ಡಂಡೀ ಪಟ್ಟಣದಲ್ಲಿ ಹೊಲಿಗೆ ಶಾಲೆ ನಡೆಸುತ್ತಿದ್ದೀಯ, ಮೇರಿಯನ್ ಸೆಣಬಿನ ಮಿಲ್ಲಿನಲ್ಲಿ ನೇಯುತ್ತಾಳೆ ಎಂದು ಟಾಷ್‌ನಿಂದ ಗೊತ್ತಾಯಿತು. ಲೆಂಡ್ರಮ್ ಮನೆತನದ ರಕ್ತ ಮಿಲ್ಲಿನಲ್ಲಿ! ಆಗಸ್ಟಾ ಹೋಗಿ ಎರಡು ವರ್ಷವಾಯಿತು. ಮಕ್ಕಳು ಉಳಿಯಲಿಲ್ಲ. ವೈದ್ಯರು ನನ್ನ ಎದೆಗೆ ಕಿವಿಯಿಟ್ಟು ಕೇಳಿ, ತಲೆಯಾಡಿಸಿ ಹೋಗುತ್ತಾರೆ. ಅವಿವಾಹಿತ ಹೆಣ್ಣಿಗೆ ಆಸ್ತಿ ಸಲ್ಲದು ಎಂಬುದು ನಮ್ಮ ಮನೆತನದ ಕಟ್ಟಳೆ, ಹಾಗಾಗಿ ನಾನು ಕಣ್ಣು ಮುಚ್ಚಿದರೆ ಈ ಮನೆ ನ್ಯೂಜಿಲೆಂಡಿನಲ್ಲಿರುವ, ನಾವು ಮುಖ ಕೂಡ ಕಾಣದ ಒಬ್ಬ ದಾಯಾದಿಗೆ ಹೋಗುತ್ತದೆ. ಮುನ್ನೂರು ವರ್ಷದ ವಂಶ ನನ್ನಲ್ಲಿ ನಿಲ್ಲುತ್ತದೆ.

ಹೇಳಿಬಿಡುತ್ತೇನೆ. ಕುರಿದೊಡ್ಡಿಯ ಮರೆಯಲ್ಲಿ ನಡೆದದ್ದನ್ನು ನಾನು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಲು ಸಿದ್ಧನಿದ್ದೇನೆ. ಮೇರಿಯನ್ ನ್ಯಾಯವಾಗಿ ಹುಟ್ಟಿದ ಮಗಳು ಎಂದು ಸ್ಥಿರವಾಗುತ್ತದೆ, ಕಿನ್‌ಡಾರ್ನ್ ಅವಳದಾಗುತ್ತದೆ. ಅವಳು ಲೆಂಡ್ರಮ್ ಎಂಬ ಹೆಸರು ಇಟ್ಟುಕೊಳ್ಳಬೇಕು, ಅಷ್ಟೇ. ಪುಸ್ತಕವನ್ನೂ ಹೊಸದಾಗಿ ಅಚ್ಚು ಹಾಕಿಸುತ್ತೇನೆ. ನಿನ್ನ ಸಾಲು ಸರಿಹೋಗುತ್ತದೆ. ಉಳಿದದ್ದು ಇದ್ದ ಹಾಗೇ ಇರಲಿ. ಹಳೇ ಯುದ್ಧದ ವಿಷಯ ಈಗ ಕೆದಕುವುದರಿಂದ ಯಾರಿಗೂ ಲಾಭವಿಲ್ಲ.

ನಿನಿಯನ್

*

ಡಂಡೀ
19 ಮೇ 1874

ಕಿನ್‌ಡಾರ್ನ್ ಅವರಿಗೆ,

ಕಾಗದವನ್ನು ಮೇರಿಯನ್ ಒಡೆದಳು, ಗಟ್ಟಿಯಾಗಿ ಓದಿದಳು. ಮಿಲ್ಲಿನಿಂದ ಬಂದು ಇನ್ನೂ ಟೊಪ್ಪಿ ತೆಗೆದಿರಲಿಲ್ಲ. ನೇಯುವ ಹುಡುಗಿಯರು ಇಲ್ಲಿ ಟೊಪ್ಪಿ ಹಾಕಿಕೊಂಡೇ ಬೀದಿಯಲ್ಲಿ ನಡೆಯುತ್ತಾರೆ. ನೂಲುವವರ ಹಾಗೆ ಶಾಲು ಹೊದ್ದು ಹೋದರೆ ಅವರಿಗೆ ಅವಮಾನ. ಮನೆತನದ ಹೆಮ್ಮೆ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ.

"ಅಷ್ಟು ದೊಡ್ಡ ಮನೇನಾ ಅಮ್ಮಾ?" ಎಂದಳು.

"ದೊಡ್ಡದೇ. ಚಳಿ ಜಾಸ್ತಿ."

"ನಿನಗೆ ಹೋಗ್ಬೇಕು ಅನ್ಸುತ್ತಾ?"

ನಾನು ಸುಳ್ಳು ಹೇಳಲಿಲ್ಲ. ಅನ್ನಿಸುತ್ತದೆ ಎಂದೆ. ಬೆಳಗಿನ ಬಿಸಿಲು ಮೆಟ್ಟಿಲ ಮೇಲೆ ಬೀಳುವುದು, ಅಪ್ಪನ ಕುರ್ಚಿ, ಹೊಳೆಯ ಸದ್ದು ಎಲ್ಲವೂ ನೆನಪಾಗುತ್ತದೆ ಎಂದೆ. ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ಅವಳು ಮತ್ತೊಮ್ಮೆ ಓದಿದಳು.

"ಆಲ್ಮಾದಲ್ಲಿ ಯಾರು ಯಾರನ್ನ ಹೊತ್ತಿದ್ದು ಅಂತ ಹೊಸ ಪುಸ್ತಕದಲ್ಲಿ ಬರೀತಾರಂತಾ?"

"ಇಲ್ಲ ಅಂತಿದೆ."

"ಅಂದ್ರೆ ಆ ಮನೇಲಿ ಬಂದೋರ ಮುಂದೆಲ್ಲಾ ನಮ್ಮ ಮಾವ ನಮ್ಮಪ್ಪನ್ನ ಹೊತ್ಕೊಂಡು ಬಂದ್ರು ಅಂತ ನಾನೂ ಹೇಳ್ಬೇಕು." ಟೊಪ್ಪಿ ತೆಗೆದು ಮೊಳೆಗೆ ಹಾಕಿದಳು. "ಆಗಲ್ಲ ಅಂತ ಬರಿ ಅಮ್ಮಾ. ನಮ್ಮಪ್ಪ ಅವರನ್ನ ಒಂದು ಸಲ ಹೊತ್ತಿದ್ದಾನೆ. ಮತ್ತೆ ನಾನೂ ಹೊರೋಕಾಗಲ್ಲ."

ನಾನು ಹೇಳಿಕೊಟ್ಟದ್ದಲ್ಲ. ನನ್ನನ್ನು ಕೇಳಿದ್ದರೆ, ಅವಳಿಗೋಸ್ಕರ, ಒಪ್ಪಿಕೊ ಎಂದುಬಿಡುತ್ತಿದ್ದೆನೋ ಏನೋ. ನಮಗೆ ಬೇಕಾದಾಗ ಇಲ್ಲ ಎಂದಿರಿ; ಈಗ ನಿಮಗೆ ವಾರಸುದಾರಳು ಬೇಕಾದಾಗ ಹೌದು ಎನ್ನುತ್ತಿದ್ದೀರಿ. ಪ್ರಮಾಣ ಎಂದರೆ ಅಂಗಿಯ ಹಾಗಲ್ಲ ಕಿನ್‌ಡಾರ್ನ್, ಕೊಳೆಯಾಯಿತೆಂದು ಮಗುಚಿ ಹಾಕಿಕೊಳ್ಳಲು ಬರುವುದಿಲ್ಲ.

ಗ್ರಿಝೆಲ್ ರೆನ್ನಿ

*

ಕಿನ್‌ಡಾರ್ನ್
2 ಜುಲೈ 1874

ಅಕ್ಕಾ,

ಮೇರಿಯನ್ ಕೇಳಿದ್ದನ್ನು ಬರೆಯಲು ಮೂರು ಸಲ ಕೂತೆ. ಬರೆಯಲಾಗಲಿಲ್ಲ. ಅಹಂಕಾರ ಎಂದುಕೊಳ್ಳುತ್ತೀಯ. ಅದಲ್ಲ.

ಪ್ರತಿ ವರ್ಷ ಆಲ್ಮಾದ ದಿನ ರೆಜಿಮೆಂಟಿನ ಊಟದಲ್ಲಿ ಎಲ್ಲರೂ ಎದ್ದು ನಿಂತು ನನ್ನ ಹೆಸರಿನಲ್ಲಿ ಲೋಟ ಎತ್ತುತ್ತಾರೆ. ಹೊಸ ಹುಡುಗರು ಆ ಕಥೆ ಕೇಳುತ್ತಾರೆ, ನಾನು ಹೇಳುತ್ತೇನೆ. ದಿಬ್ಬ ಎಷ್ಟು ಕಡಿದಾಗಿತ್ತು, ಸಾರ್ಜೆಂಟ್ ಎಷ್ಟು ಎತ್ತರದವನು, ಎಲ್ಲಿ ಕಾಲು ಜಾರಿತು ಎಂದೆಲ್ಲ. ಇಪ್ಪತ್ತು ವರ್ಷ ಹೇಳಿ ಹೇಳಿ ಏನಾಗಿದೆ ಗೊತ್ತೇ? ನನಗೆ ಈಗ ನನ್ನ ಬೆನ್ನ ಮೇಲೆ ಅವನ ಭಾರ ನೆನಪಿದೆ. ಅವನ ಬೆನ್ನ ಮೇಲೆ ನಾನಿದ್ದದ್ದು ನೆನಪಾಗುವುದಿಲ್ಲ. ನಿನಗೆ ಬರೆದ ಆ ಕಾಗದ ಇಲ್ಲದಿದ್ದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗುತ್ತಿತ್ತು.

ಒಂದು ಮಾತು ಮಾತ್ರ ಹಾಗೇ ಉಳಿದಿದೆ. ಗೋಡೆಯ ಹಿಂದೆ ನನ್ನನ್ನು ಇಳಿಸುವಾಗ ಹ್ಯೂ ನಗುತ್ತಾ, "ಬಾಮೈದಾ ಅಂತ ಕರೆದ್ರೆ ನನ್ನನ್ನ ಕೋರ್ಟ್ ಮಾರ್ಷಲ್ ಮಾಡಿಸ್ತೀರೇನೋ," ಎಂದ. ಆ ಮಾತನ್ನು ನನ್ನ ಕಥೆಯಲ್ಲಿ ಎಲ್ಲೂ ಸೇರಿಸಲಾಗಲಿಲ್ಲ. ಅದನ್ನು ನಿನಗಾದರೂ ಕೊಡೋಣ ಎಂದು ಬರೆದೆ.

ಒಂದು ಸಲ ಬಂದು ಹೋಗು. ಹೆಚ್ಚು ದಿನ ಇರಲಾರೆ.

ನಿನ್ನ ತಮ್ಮ,
ನಿನಿಯನ್

*

ಡಂಡೀ
14 ಜುಲೈ 1874

ನಿನಿಯನ್,

ಆ ಮಾತು ಹ್ಯೂನದೇ. ಅವನು ಹಾಗೆಯೇ ಮಾತಾಡುತ್ತಿದ್ದ. ಅದನ್ನು ಇಪ್ಪತ್ತು ವರ್ಷ ನನ್ನಿಂದ ಬಚ್ಚಿಟ್ಟುಕೊಂಡಿದ್ದೆಯಲ್ಲ, ಉಳಿದ ಎಲ್ಲಕ್ಕಿಂತ ಅದೇ ನನ್ನನ್ನು ಹೆಚ್ಚು ಅಳಿಸಿತು. ನಾನು ಬರುವುದಿಲ್ಲ.

ಶುಕ್ರವಾರ ಮೇರಿಯನ್‌ಳ ಮದುವೆಯಾಯಿತು. ಹುಡುಗ ಸ್ಪಿಂಕ್, ತಿಮಿಂಗಿಲ ಬೇಟೆಯ ಹಡಗಿನಲ್ಲಿ ಬಡಗಿ. ವರ್ಷದಲ್ಲಿ ಅರ್ಧ ಮಂಜುಗಡ್ಡೆಯ ನಡುವೆ, ಅರ್ಧ ನಮ್ಮ ಅಡುಗೆಮನೆಯಲ್ಲಿ ಇರುತ್ತಾನೆ. ಮದುವೆ ಮುಗಿದ ಮೇಲೆ ನೋಂದಣಿ ಕಚೇರಿಗೆ ಹೋದೆವು. ಗುಮಾಸ್ತನಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಾ, "ವಧುವಿನ ತಂದೆ?" ಎಂದ.

ಜ್ಞಾನಸ್ನಾನದ ದಿನ ಖಾಲಿ ಬಿಟ್ಟ ಆ ಜಾಗ ನನಗೆ ನೆನಪಾಯಿತು.

"ಹ್ಯೂ ರೆನ್ನಿ," ಎಂದಳು ಮೇರಿಯನ್.

"ಕೆಲಸ?"

"ಸಾರ್ಜೆಂಟ್. ತೀರಿಕೊಂಡಿದ್ದಾರೆ."

"ತಾಯಿ?"

"ಗ್ರಿಝೆಲ್ ರೆನ್ನಿ."

ಅವನು ಬರೆದುಕೊಂಡ. ತಲೆ ಕೂಡ ಎತ್ತಲಿಲ್ಲ. ಶಾಯಿಯ ಮೇಲೆ ಮರಳು ಉದುರಿಸಿ, "ಮುಂದಿನವರು ಬನ್ನಿ," ಎಂದ.

ಗ್ರಿಝೆಲ್ ರೆನ್ನಿ